ಟಾರ್ಕ್ ರೆಂಚ್ ‘ಕ್ಲಿಕ್’ ಅಂದರೂ ಚಕ್ರ ಸಡಿಲವಾಗುತ್ತದೆ: ಟ್ರ್ಯಾಕಿಗೆಂದು ರಿಮ್ಮು, ಟೈರು ಕೊಳ್ಳುವವರಿಗೆ ಎಚ್ಚರಿಕೆ

ಚೆನ್ನೈ ಪಕ್ಕದ ಇರುಂಗಾಟ್ಟುಕೋಟ್ಟೈಯ ಕಾರ್ ರೇಸ್ ಟ್ರ್ಯಾಕು. ಪಿಟ್‌ನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗದಲ್ಲಿ, ಜಾಕ್ ಮೇಲೆ ನಿಂತ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎಡಗಡೆ ಮುಂದಿನ ಚಕ್ರದ ಐದು ಬೋಲ್ಟುಗಳಲ್ಲಿ ಎರಡರ ತಲೆಯೇ ಇಲ್ಲ. ಉಳಿದ ಮೂರನ್ನು ಸ್ಪಾನರ್ ಇಲ್ಲದೆ ಬೆರಳಲ್ಲೇ ಬಿಚ್ಚಬಹುದಿತ್ತು. ಬೆಳಗ್ಗೆ ಅವೇ ಬೋಲ್ಟುಗಳನ್ನು ಟಾರ್ಕ್ ರೆಂಚ್ (ಗೊತ್ತುಮಾಡಿದ ಬಲ ಮುಟ್ಟಿದೊಡನೆ ಕ್ಲಿಕ್ ಅನ್ನುವ ಸ್ಪಾನರ್) ಹಾಕಿ 120 ನ್ಯೂಟನ್ ಮೀಟರಿಗೆ ಬಿಗಿದಿದ್ದರು, ಐದಕ್ಕೆ ಐದೂ ಕ್ಲಿಕ್ ಅಂದಿದ್ದವು. ಎರಡನೇ ಸೆಷನ್ನಿನಲ್ಲಿ ಸ್ಟೀರಿಂಗ್ ನಡುಗಲು ಶುರುವಾಯಿತು. ‘ಬ್ಯಾಲೆನ್ಸಿಂಗ್ ತೂಕ ಉದುರಿರಬೇಕು, ಇನ್ನೊಂದು ಲ್ಯಾಪ್ ನೋಡೋಣ’ ಅಂದುಕೊಳ್ಳದೆ ಓಡಿಸುತ್ತಿದ್ದವರು ಆಗಲೇ ಒಳಗೆ ತಂದರು. ಹಾಗಾಗಿ ಚಕ್ರ ಕಾರಿನ ಜೊತೆಗೇ ಬಂತು.

ರಿಮ್ಮು, ಟೈರು ಎರಡನ್ನೂ ಬೆಂಗಳೂರಿನ ಒಂದು ಅಂಗಡಿಯಲ್ಲಿ ಟ್ರ್ಯಾಕ್ ಡೇಗೆ (ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಎರಡು ದಿನ ಮೊದಲು ಹಾಕಿಸಿದ್ದು. ಅಂಗಡಿಯ ಹೆಸರು ಇಲ್ಲಿ ಬೇಡ, ಈ ತಪ್ಪು ಎಲ್ಲ ಊರಿನಲ್ಲೂ ಆಗುತ್ತಿದೆ. ಟೈರಿಗೆ ಕೈತುಂಬ ಖರ್ಚು ಮಾಡಿ ರಿಮ್ಮಿನಲ್ಲಿ ಉಳಿಸಲು ಹೋದದ್ದು ಮೊದಲ ತಪ್ಪು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ.

ಬಿಚ್ಚಿದ ಬೋಲ್ಟನ್ನು ಕೈಯಲ್ಲಿ ಹಿಡಿದು ನೋಡಿದರೆ ಕಾರಣ ಅಲ್ಲೇ ಬರೆದಿತ್ತು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಕಂಪನಿ ಬೋಲ್ಟು ಎಂ14, 1.5 ಪಿಚ್, ಅಂದರೆ 14 ಎಂಎಂ ದಪ್ಪ, ಒಂದು ಸುತ್ತಿಗೆ 1.5 ಎಂಎಂ ಒಳಹೋಗುವಂಥದ್ದು. ಅದರ ತಲೆಯ ಕೆಳಭಾಗ ಗೋಲಿಯ ಹಾಗೆ ದುಂಡಗಿರುತ್ತದೆ, ಅದೇ ಬಾಲ್ ಸೀಟ್. ಹೊರಗೆ ಸಿಗುವ ಹೆಚ್ಚಿನ ಅಲಾಯ್‌ಗಳ ರಂಧ್ರ ಮಾತ್ರ 60 ಡಿಗ್ರಿ ಕೋನ್ ಸೀಟ್, ಅಂದರೆ ಲಾಳಿಕೆಯ ಆಕಾರ. ಲಾಳಿಕೆಯಲ್ಲಿ ಗೋಲಿ ಇಟ್ಟರೆ ಎಲ್ಲಿ ತಾಗುತ್ತದೆ? ದಾರದಷ್ಟು ತೆಳ್ಳಗಿನ ಒಂದು ಉಂಗುರದಲ್ಲಿ. ಈ ಬೋಲ್ಟಿನ ದುಂಡು ಮೈ ಮೇಲೆ ಅಂಥದೇ ಒಂದು ಹೊಳೆಯುವ ಗೆರೆ ಇತ್ತು, ಅದರ ಸುತ್ತ ಕಂದು ಪುಡಿ. ರಿಮ್ಮಿನ ರಂಧ್ರದಲ್ಲಿ ಅಲ್ಯೂಮಿನಿಯಂ ಜಜ್ಜಿ ಅಂಚು ಎದ್ದಿತ್ತು.

ಟಾರ್ಕ್ ರೆಂಚ್ ಅಳೆಯುವುದು ತಿರುಗಿಸಲು ಬೇಕಾದ ಬಲವನ್ನು. ಬೋಲ್ಟು ರಿಮ್ಮನ್ನು ಹಬ್‌ಗೆ (ಕಾರಿನಲ್ಲಿ ಚಕ್ರ ಕೂರುವ, ತಿರುಗುವ ಭಾಗ) ಎಷ್ಟು ಬಿಗಿಯಾಗಿ ಒತ್ತಿ ಹಿಡಿದಿದೆ ಎಂಬುದು ಅದಕ್ಕೆ ತಿಳಿಯದು. ತೆಳ್ಳನೆಯ ಉಂಗುರದ ಮೇಲೂ 120 ಬರುತ್ತದೆ, ಕ್ಲಿಕ್ಕೂ ಕೇಳಿಸುತ್ತದೆ. ಆಮೇಲೆ ಬ್ರೇಕಿನ ಬಿಸಿ, ತಿರುವಿನ ಒತ್ತಡಕ್ಕೆ ಆ ಉಂಗುರದ ಕೆಳಗಿನ ಮೆತ್ತನೆ ಲೋಹ ಒಂದು ಕೂದಲೆಳೆಯಷ್ಟು ಜಜ್ಜಿದರೂ ಸಾಕು, ಹಿಡಿತ ಹೋಯಿತು. ಹಿಡಿತ ಹೋದ ರಿಮ್ಮು ಹಬ್ ಮೇಲೆ ಜಾರಾಡುತ್ತದೆ, ಬೋಲ್ಟು ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವ ಹಾಗೆ.

ಹಾಕಿಸುವ ಮುಂಚೆ ಅಂಗಡಿಯಲ್ಲೇ ಎರಡು ನಿಮಿಷದಲ್ಲಿ ಇದನ್ನು ಪರೀಕ್ಷಿಸಬಹುದು. ಬೋಲ್ಟಿನ ತಲೆಯ ಕೆಳಭಾಗಕ್ಕೆ ಮಾರ್ಕರ್ ಇಂಕು ಬಳಿಯಿರಿ, ರಿಮ್ಮಿನ ರಂಧ್ರದಲ್ಲಿಟ್ಟು ಒತ್ತಿ ತಿರುಗಿಸಿ, ತೆಗೆಯಿರಿ. ಇಂಕು ಅಗಲವಾದ ಪಟ್ಟಿಯಾಗಿ ಅಳಿಸಿದ್ದರೆ ಸರಿ. ಸಣ್ಣ ಗೆರೆಯಾಗಿ ಅಳಿಸಿದ್ದರೆ ಆ ಬೋಲ್ಟು ಆ ರಿಮ್ಮಿಗಲ್ಲ. ಕೋನ್ ಸೀಟ್ ರಿಮ್ಮಿಗೆ ಕೋನ್ ಬೋಲ್ಟೇ ಬೇಕು, ಇಪ್ಪತ್ತೂ ಹೊಸದು. ಬಾಲ್ ಸೀಟಿನಲ್ಲೂ ಎಲ್ಲ ಒಂದೇ ಅಲ್ಲ: ಫೋಕ್ಸ್‌ವ್ಯಾಗನ್ ಬಳಗದ್ದು 13 ಎಂಎಂ ತ್ರಿಜ್ಯ, ಪೋರ್ಷೆಯದು 14. ಬಿಎಂಡಬ್ಲ್ಯು ಕೋನ್. ‘ಎಲ್ಲಾ ಒಂದೇ ಸಾರ್, ಕೂತ್ಕೊಳ್ಳುತ್ತೆ’ ಎಂಬ ಮಾತು ಕಿವಿಗೆ ಬಿದ್ದರೆ ಎದ್ದು ಬನ್ನಿ.

ಉದ್ದವನ್ನೂ ನೋಡಿ. ಎಂ14 ಬೋಲ್ಟು ಹಬ್‌ನೊಳಗೆ ಕನಿಷ್ಠ ಒಂಬತ್ತು ಪೂರ್ತಿ ಸುತ್ತು ಹೋಗಬೇಕು, ಅಂದರೆ ಸುಮಾರು 14 ಎಂಎಂ. ರಿಮ್ಮಿಗೂ ಹಬ್‌ಗೂ ನಡುವೆ ಹತ್ತು ಎಂಎಂ ಸ್ಪೇಸರ್ ಬಿಲ್ಲೆ ಹಾಕಿದರೆ ಬೋಲ್ಟೂ ಹತ್ತು ಎಂಎಂ ಉದ್ದವಾಗಬೇಕು. ಥ್ರೆಡ್ಡಿಗೆ ಗ್ರೀಸ್ ಬೇಡ. ಜಾರಿಕೆ ಹೆಚ್ಚಾದರೆ ಅದೇ 120ಕ್ಕೆ ಬೋಲ್ಟು ಲೆಕ್ಕಕ್ಕಿಂತ ಹೆಚ್ಚು ಎಳೆಯುತ್ತದೆ. ಹೊಸ ರಿಮ್ಮಿನ ಸೀಟಿನೊಳಗೆ ಪೌಡರ್ ಕೋಟಿಂಗ್ ದಪ್ಪಗೆ ಕೂತಿದ್ದರೂ ತೊಂದರೆಯೇ, ಬಣ್ಣ ಜಜ್ಜಿದಷ್ಟು ಹಿಡಿತ ಸಡಿಲ. ಹೊಸ ರಿಮ್ಮು ಹಾಕಿಸಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ, ಟ್ರ್ಯಾಕಿನಲ್ಲಿ ಪ್ರತಿ ಸೆಷನ್ ಮುಗಿದು ಚಕ್ರ ತಣ್ಣಗಾದ ಮೇಲೆ, ರೆಂಚ್ ಹಾಕಿ ನೋಡಿ. ಒಮ್ಮೆ ಬಿಗಿದ ಬೋಲ್ಟು ಮತ್ತೆ ಮತ್ತೆ ಕಾಲು ಸುತ್ತು ತೆಗೆದುಕೊಳ್ಳುತ್ತಿದ್ದರೆ ಆವತ್ತಿನ ಓಡಾಟ ಮುಗಿಯಿತು ಅಂತಲೇ ಲೆಕ್ಕ.

ಇದೇ ರಿಮ್ಮಿನಲ್ಲಿ ಎರಡನೇ ದೋಷವೂ ಇತ್ತು. 5×112 ಪಿಸಿಡಿ, ಅಂದರೆ 112 ಎಂಎಂ ವ್ಯಾಸದ ವೃತ್ತದ ಮೇಲೆ ಐದು ಬೋಲ್ಟು, ಎಂಬ ಒಂದೇ ಮಾತಿನ ಮೇಲೆ ಅದನ್ನು ಕೊಟ್ಟಿದ್ದರು. ಆ ಪಿಸಿಡಿ ಮರ್ಸಿಡಿಸ್‌ನಲ್ಲೂ ಇದೆ, ಹೊಸ ಬಿಎಂಡಬ್ಲ್ಯುಗಳಲ್ಲೂ ಇದೆ. ಅವುಗಳ ನಡುವಿನ ರಂಧ್ರ 66.6 ಎಂಎಂ, ಆಕ್ಟೇವಿಯಾದ ಹಬ್ 57.1. ಸುತ್ತಲೂ 4.75 ಎಂಎಂ ಖಾಲಿ ಜಾಗ. ಅದನ್ನು ತುಂಬಲು ಹಬ್ ರಿಂಗ್ ಹಾಕುತ್ತಾರೆ. ಈ ಕಾರಿನಲ್ಲಿ ಪ್ಲಾಸ್ಟಿಕ್ ರಿಂಗ್ ಇತ್ತು, ಬ್ರೇಕಿನ ಬಿಸಿಗೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ರಸ್ತೆಗೆ ಪ್ಲಾಸ್ಟಿಕ್ ನಡೆದೀತು, ಟ್ರ್ಯಾಕಿಗೆ ಅಲ್ಯೂಮಿನಿಯಂ ರಿಂಗೇ ಆಗಬೇಕು. ರಿಂಗಿನ ಕೆಲಸ ಚಕ್ರವನ್ನು ನಡುವಿಗೆ ಕೂರಿಸುವುದಷ್ಟೆ; ಹಿಡಿದಿಡುವುದು ಬೋಲ್ಟಿನ ಬಿಗಿತ.

ಆಫ್‌ಸೆಟ್ ಲೆಕ್ಕ ಕಾಗದದ ಮೇಲೆ ಮಾಡಿ, ಕಣ್ಣಂದಾಜು ಬೇಡ. ರಿಮ್ಮಿನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ಎಂಎಂ ಹೊರಗಿದೆ ಎಂಬುದೇ ಆಫ್‌ಸೆಟ್; ರಿಮ್ಮಿನ ಮೇಲೆ ಅದನ್ನು ಇಟಿ ಅಂತ ಬರೆದಿರುತ್ತದೆ. ಹಳೆಯ ರಿಮ್ಮು 18 ಇಂಚು, ಅಗಲ 7.5, ಇಟಿ 51 ಅಂತಿಟ್ಟುಕೊಳ್ಳಿ. ಹೊಸದು 8.5 ಅಗಲ, ಇಟಿ 35. ಅಗಲ ಒಂದು ಇಂಚು ಹೆಚ್ಚಾದದ್ದರಲ್ಲಿ ಅರ್ಧ, 12.7 ಎಂಎಂ, ಹೊರಕ್ಕೆ. ಇಟಿ ವ್ಯತ್ಯಾಸ 16 ಎಂಎಂ, ಅದೂ ಹೊರಕ್ಕೆ. ಒಟ್ಟು 28.7 ಎಂಎಂ ಹೊರಗೆ ಬಂತು. ನೋಡಲು ಚೆಂದ, ಆದರೆ ಬೇರಿಂಗಿಗೆ ಹೊರೆ, ಬ್ರೇಕ್ ಹಾಕಿದಾಗ ಸ್ಟೀರಿಂಗ್ ಅತ್ತಿತ್ತ ಎಳೆತ, ಸಸ್ಪೆನ್ಷನ್ ಕುಸಿದಾಗ ಫೆಂಡರ್ ಅಂಚು ಟೈರಿನ ಭುಜವನ್ನು ಕತ್ತರಿಸುತ್ತದೆ. ಅದೇ ಕಾರಿಗೆ 17×8, ಇಟಿ 45 ಹಾಕಿದರೆ ಹೊರಕ್ಕೆ 12 ಎಂಎಂ ಚಿಲ್ಲರೆ, ಒಳಗಡೆ ಬಹುತೇಕ ಮೊದಲಿನಷ್ಟೇ. 225/40 ಆರ್18 ಟೈರಿನ ವ್ಯಾಸ 637 ಎಂಎಂ, 225/45 ಆರ್17ರದು 634, ಮೀಟರೂ ಎಬಿಎಸ್ಸೂ ತಕರಾರು ಮಾಡುವುದಿಲ್ಲ. ಹದಿನೇಳರ ಟೈರು ಅಗ್ಗ, ಹಗುರ, ಕರ್ಬ್ ಹತ್ತಿದಾಗ ರಿಮ್ಮಿಗೆ ರಕ್ಷಣೆಯೂ ಹೆಚ್ಚು. ಬ್ರೇಕ್ ಕ್ಯಾಲಿಪರ್ ತಾಗುತ್ತದೆಯೇ ಎಂಬುದನ್ನು ಮಾತ್ರ ಟೈರಿಲ್ಲದ ಬರಿ ರಿಮ್ಮು ಹಾಕಿ ತಿರುಗಿಸಿಯೇ ನೋಡಬೇಕು. ರಿಮ್ಮಿನ ಕಡ್ಡಿಗೂ (ಸ್ಪೋಕ್) ಕ್ಯಾಲಿಪರಿಗೂ ಮೂರು ಎಂಎಂ ಆದರೂ ಬಿಡುವಿರಲಿ.

ಇನ್ನು ಗಟ್ಟಿತನ. ಡ್ರೈವರ್ ಸೇರಿ 1500 ಕಿಲೋ ತೂಗುವ ಮುಂದಿನ ಚಕ್ರದ ಚಾಲನೆಯ ಕಾರಿನಲ್ಲಿ, ನಿಂತಾಗ ಒಂದು ಮುಂದಿನ ಚಕ್ರದ ಮೇಲೆ 450 ಕಿಲೋ ಆಸುಪಾಸು. 1 ಜಿ ತಿರುವಿನಲ್ಲಿ, ಅಂದರೆ ಕಾರಿನ ತೂಕದಷ್ಟೇ ಬಲ ಪಕ್ಕಕ್ಕೆ ಎಳೆಯುವ ತಿರುವಿನಲ್ಲಿ, ಹೊರಗಡೆಯ ಚಕ್ರದ ಮೇಲೆ ಅದು 750ರ ಹತ್ತಿರ ಹೋಗುತ್ತದೆ. ಜೊತೆಗೆ ಅಷ್ಟೇ ಪ್ರಮಾಣದ ಪಕ್ಕದ ಎಳೆತ. ಸಾದಾ ಟೈರು ಇದಕ್ಕೆ ಮುಂಚೆಯೇ ಜಾರಿ ರಿಮ್ಮನ್ನು ಉಳಿಸುತ್ತದೆ. ಸೆಮಿ ಸ್ಲಿಕ್ (ತೋಡು ಕಡಿಮೆಯಿರುವ, ನೆಲಕ್ಕೆ ಅಂಟುವಂಥ ಟ್ರ್ಯಾಕ್ ಟೈರು) ಅಷ್ಟು ಬೇಗ ಜಾರುವುದಿಲ್ಲ, ಅಷ್ಟನ್ನೂ ರಿಮ್ಮಿಗೆ ದಾಟಿಸುತ್ತದೆ. ಅಗ್ಗದ ರೆಪ್ಲಿಕಾ ರಿಮ್ಮಿಗೆ ಅಂಟು ಟೈರು ಹಾಕಬಾರದು ಎನ್ನುವುದು ಇದಕ್ಕೇ. ಹಿಂಬದಿಯಲ್ಲಿ ಜಪಾನಿನ ಅಲಾಯ್ ರಿಮ್ಮಿನ ಗುಣಮಟ್ಟದ ‘ಜೆಡಬ್ಲ್ಯುಎಲ್’ ಅಚ್ಚಿದೆ ಅಂತ ಸಮಾಧಾನ ಪಡಬೇಡಿ. ಅದು ತಯಾರಕರು ತಾವೇ ಘೋಷಿಸಿಕೊಳ್ಳುವ ಗುರುತು, ನಕಲಿನಲ್ಲಿ ಅದನ್ನೂ ಎರಕ ಹೊಯ್ದಿರುತ್ತಾರೆ. ಹೊರಗಿನವರ ಪರೀಕ್ಷೆಯ ಗುರುತು ‘ವಿಐಎ’, ಆದರೆ ಅದನ್ನೂ ನಕಲು ಮಾಡಬಹುದು. ಬಿಲ್ಲು, ತಯಾರಕರ ಹೆಸರು, ಪಾರ್ಟ್ ನಂಬರ್, ಕಿಲೋದಲ್ಲಿ ಬರೆದ ಲೋಡ್ ರೇಟಿಂಗ್ ನಾಲ್ಕೂ ತಾಳೆಯಾದರೆ ಮಾತ್ರ ಕೊಳ್ಳಿ. ಬಜೆಟ್ ಇಲ್ಲವೇ? ಕಂಪನಿಯ ರಿಮ್ಮನ್ನೇ ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಸೆಕೆಂಡ್ ಹ್ಯಾಂಡ್ ರಿಮ್ಮಾದರೆ ಬಿರುಕು ಹುಡುಕುವ ಡೈ ಪೆನೆಟ್ರಂಟ್ ಪರೀಕ್ಷೆ ಮಾಡಿಸಿ. ಪೀಣ್ಯದ ಮಷೀನ್ ಶಾಪ್‌ಗಳಲ್ಲಿ ‘ಡಿಪಿ ಟೆಸ್ಟ್’ ಅಂದರೆ ಗೊತ್ತಾಗುತ್ತದೆ. ಮೂರು ಸ್ಪ್ರೇ ಡಬ್ಬಿ: ಮೊದಲು ಕ್ಲೀನರ್, ಆಮೇಲೆ ಕೆಂಪು ಬಣ್ಣ, ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ ಬಿಳಿ ಡೆವಲಪರ್. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಎದ್ದು ಬರುತ್ತದೆ. ಕಡ್ಡಿ ನಡುವಿಗೆ ಸೇರುವ ಮೂಲೆಗಳ ಹಿಂಬದಿ, ಒಳಗಡೆಯ ಬ್ಯಾರಲ್ಲಿನ ಅಂಚು ಮುಖ್ಯ. ರಿಮ್ಮಿಗೆ ಪೇಂಟ್ ಬಳಿದ ಜಾಗದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಮೊದಲು ಪೇಂಟ್ ತೆಗೆಯಬೇಕು. ವೆಲ್ಡ್ ಮಾಡಿ ಸರಿಪಡಿಸಿದ ರಿಮ್ಮು ಟ್ರ್ಯಾಕಿಗೆ ಬೇಡವೇ ಬೇಡ.

ಟೈರಿನ ವಿಷಯಕ್ಕೆ ಬಂದರೆ, ಆ ಕಾರಿನಲ್ಲಿದ್ದದ್ದು ‘ಇಂಪೋರ್ಟೆಡ್ ಸೆಮಿ ಸ್ಲಿಕ್, ಹೊಸದು’. ಟೈರಿನ ಪಕ್ಕದ ಗೋಡೆಯ (ಸೈಡ್‌ವಾಲ್) ಮೇಲಿನ ನಾಲ್ಕು ಅಂಕಿ 1416. ಅಂದರೆ 2016ರ 14ನೇ ವಾರದಲ್ಲಿ ತಯಾರಾದದ್ದು. ತೋಡಿನ ತಳದಲ್ಲಿ ಉಗುರಿನಿಂದ ಅಗಲಿಸಿದರೆ ಕಾಣುವಂಥ ನವಿರು ಬಿರುಕು. 2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದಿಗೆ ಕೇಂದ್ರ ಸರ್ಕಾರ ನಿರ್ಬಂಧ ಹಾಕಿತು. ಕಾರಿನ ಟೈರಿಗೆ ಐಎಸ್ 15633ರ ಐಎಸ್‌ಐ ಗುರುತು ಅದಕ್ಕೂ ಮುಂಚಿನಿಂದಲೇ ಕಡ್ಡಾಯ. ಹಾಗಾಗಿ ಟ್ರ್ಯಾಕ್ ಟೈರು ಸಿಗುವುದೇ ಕಷ್ಟ, ಗೋದಾಮಿನ ಮೂಲೆಯ ಹಳೇ ಸರಕಿಗೂ ಬೆಲೆ ಬಂದಿದೆ. ತುಳಿಯದೆ ಇಟ್ಟ ಟೈರೂ ಮುದಿಯಾಗುತ್ತದೆ. ರಬ್ಬರ್ ಗಟ್ಟಿಯಾದರೆ ಹೆಸರು ಎಷ್ಟೇ ದೊಡ್ಡದಿರಲಿ, ಹಿಡಿತ ಹೊಸ ರಸ್ತೆ ಟೈರಿಗಿಂತ ಕಡೆ. ನಾಲ್ಕೂ ಟೈರಿನ ದಿನಾಂಕ ಓದಿ. ಕೆಲವು ಟೈರುಗಳಲ್ಲಿ ಅದು ಒಳಗಡೆಯ ಗೋಡೆಯಲ್ಲಿ ಮಾತ್ರ ಇರುತ್ತದೆ, ಅದಕ್ಕೇ ರಿಮ್ಮಿಗೆ ಏರಿಸುವ ಮುಂಚೆ ನೋಡಬೇಕು.

ಟ್ರೆಡ್‌ವೇರ್ ಸಂಖ್ಯೆಯನ್ನು (ಟೈರು ಎಷ್ಟು ಬಾಳುತ್ತದೆ ಎಂಬ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಬೇಗ ಸವೆತ) ವೇದವಾಕ್ಯ ಅಂದುಕೊಳ್ಳಬೇಡಿ. ಅದನ್ನು ಕೊಡುವುದು ಆಯಾ ಕಂಪನಿಯೇ, ಒಂದು ಬ್ರ್ಯಾಂಡಿನ 200 ಇನ್ನೊಂದರ 200ಕ್ಕೆ ಸಮವಲ್ಲ. ಸ್ಥೂಲವಾಗಿ 300ರ ಸುತ್ತಿನವು ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಥರದ ವೇಗದ ರಸ್ತೆ ಟೈರು, 200ರ ಸುತ್ತಿನವು ಯೊಕೊಹಾಮಾ ನಿಯೋವಾ ಥರದ ಎರಡಕ್ಕೂ ಆಗುವಂಥವು, 100ರ ಕೆಳಗಿನವು ನಾನ್‌ಕಾಂಗ್ ಎಆರ್-1 ಥರ ಟ್ರ್ಯಾಕಿಗೇ ಮೀಸಲು. ಮೊದಲ ಮೂರು ನಾಲ್ಕು ಟ್ರ್ಯಾಕ್ ಡೇಗೆ ಮೊದಲನೆಯ ವರ್ಗವೇ ಸಾಕು. ಅದು ಜಾರುವ ಮುಂಚೆ ಕಿರುಚಿ ಹೇಳುತ್ತದೆ. ಸೆಮಿ ಸ್ಲಿಕ್ ಹೇಳದೆ ಕೇಳದೆ ಕೈಬಿಡುತ್ತದೆ. ಹೊಚ್ಚಹೊಸ ರಸ್ತೆ ಟೈರಿಗಿಂತ ಅರ್ಧ ಸವೆದದ್ದು ಒಣ ಟ್ರ್ಯಾಕಿಗೆ ಒಳ್ಳೆಯದು, ಹೊಸದರ ಎತ್ತರದ ರಬ್ಬರ್ ಗಟ್ಟಿಗಳು ಬಳುಕಿ ಕಾದು ಚೂರುಚೂರಾಗಿ ಕಿತ್ತುಬರುತ್ತವೆ. ಚೆನ್ನೈಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ಆಗ ಸೆಮಿ ಸ್ಲಿಕ್ ಹಾಕಿಕೊಂಡೇ ಹೆದ್ದಾರಿಯಲ್ಲಿ ಹೊರಟರೆ ನೀರು ನಿಂತ ಕಡೆ ಕಾರು ತೇಲುತ್ತದೆ.

ಗಾಳಿಯ ಲೆಕ್ಕ ಹೀಗೆ. ಟೈರಿನೊಳಗಿನ ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. 35 ಡಿಗ್ರಿಯಲ್ಲಿ 33 ಹಾಕಿದ್ದು 80 ಡಿಗ್ರಿಗೆ 40 ಆಗುತ್ತದೆ. ಟೈರು ಉಬ್ಬಿ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಬಿಸಿಯಲ್ಲಿ 36 ಬೇಕಿದ್ದರೆ ತಣ್ಣಗಿರುವಾಗ ಇಪ್ಪತ್ತೊಂಬತ್ತೂವರೆಯಿಂದ ಶುರು ಮಾಡಬೇಕು. ಬೆಂಗಳೂರಿನ ಬಂಕಿನಲ್ಲಿ ಹೊಡೆಸಿದ ಗಾಳಿಯನ್ನು ನಂಬಬೇಡಿ: 900 ಮೀಟರ್ ಎತ್ತರದಿಂದ ಸಮುದ್ರಮಟ್ಟಕ್ಕೆ ಇಳಿದರೆ ಗೇಜು ಒಂದೂವರೆ ಕಡಿಮೆ ತೋರಿಸುತ್ತದೆ, ಚೆನ್ನೈ ಬಿಸಿಲು ಎರಡು ಹೆಚ್ಚು ತೋರಿಸುತ್ತದೆ. ನಿಮ್ಮದೇ ಗೇಜು ಒಯ್ದು ಅಲ್ಲೇ ಸರಿಮಾಡಿ. ಬಹಳ ಜನ ಮರೆಯುವುದು ಸಂಜೆಯ ಕೆಲಸ, ಗಾಳಿ ಮತ್ತೆ ತುಂಬುವುದು. ದಿನವಿಡೀ ಗಾಳಿ ಬಿಟ್ಟ ಟೈರಿನಲ್ಲಿ ಸಾಮಾನು ತುಂಬಿಕೊಂಡು 300 ಕಿಲೋಮೀಟರ್ ವಾಪಸ್ ಹೊರಡುತ್ತಾರೆ. ಗೋಡೆ ಬಳುಕಿ ಕಾದು ಟೈರು ಸಿಡಿಯುವುದು ಟ್ರ್ಯಾಕಿನಲ್ಲಲ್ಲ, ಹೆದ್ದಾರಿಯಲ್ಲಿ.

ಟೈರಿನ ಭುಜದ ಮೇಲೆ ಬಿಳಿ ಶೂ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ಮೂರು ಲ್ಯಾಪಿನ ಮೇಲೆ ಗೋಡೆಯ ಪುಟ್ಟ ತ್ರಿಕೋನದ ಗುರುತಿನವರೆಗೆ ಅಳಿಸಿದ್ದರೆ ಸರಿ. ಅದನ್ನೂ ದಾಟಿದ್ದರೆ ಟೈರು ಮಗುಚುತ್ತಿದೆ, ಗಾಳಿ ಕಡಿಮೆಯಿರಬೇಕು ಇಲ್ಲವೇ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿದ ಓರೆ) ಸಾಲದು. ಕಂಪನಿಯ ಸೆಟ್ಟಿಂಗಿನಲ್ಲಿ ಮುಂದಿನ ನೆಗೆಟಿವ್ ಕ್ಯಾಂಬರ್ ಒಂದು ಡಿಗ್ರಿಯೂ ಇರುವುದಿಲ್ಲ. ಎರಡಕ್ಕೆ ತರದೆ ದುಬಾರಿ ಟೈರು ಹಾಕಿದರೆ ಹೊರ ಅಂಚು ಎರಡು ದಿನದಲ್ಲಿ ಬೋಳು, ಒಳಭಾಗ ಹೊಸದರಂತೆ.

ಟೈರನ್ನು ಟ್ರ್ಯಾಕ್ ಡೇಯ ಹಿಂದಿನ ದಿನ ಏರಿಸಬೇಡಿ. ಸೋಪು ನೀರು ಪೂರ್ತಿ ಒಣಗದಿದ್ದರೆ ಬ್ರೇಕ್ ಹಾಕಿದಾಗ ಟೈರು ರಿಮ್ಮಿನ ಮೇಲೇ ಜಾರಿ ತಿರುಗುತ್ತದೆ, ಬ್ಯಾಲೆನ್ಸಿಂಗ್ ಕೆಡುತ್ತದೆ. ಟೈರಿಗೂ ರಿಮ್ಮಿಗೂ ಸೇರಿಸಿ ಒಂದು ಪೇಂಟ್ ಗೆರೆ ಎಳೆದಿಟ್ಟರೆ ಜಾರಿದ್ದು ತಿಳಿಯುತ್ತದೆ. ಅಂಟಿಸುವ ತೂಕಗಳ ಮೇಲೆ ಅಲ್ಯೂಮಿನಿಯಂ ಟೇಪ್, ವಾಲ್ವಿಗೆ ಲೋಹದ ಕ್ಯಾಪು.

ಇಷ್ಟಾಗಿಯೂ ಬೋಲ್ಟು ಸಡಿಲವಾದದ್ದು ಕಂಡರೆ ಬಿಗಿದು ಮತ್ತೆ ಟ್ರ್ಯಾಕಿಗೆ ಇಳಿಯಬೇಡಿ. ಒಮ್ಮೆ ಸಡಿಲವಾಗಿ ಓಡಿದ ಚಕ್ರದ ಐದೂ ಬೋಲ್ಟು ಗುಜರಿಗೆ, ಸೀಟು ಜಜ್ಜಿದ ರಿಮ್ಮೂ ಗುಜರಿಗೆ. ಹಬ್‌ನೊಳಗೆ ಉಳಿದ ತುಂಡನ್ನು ಎಡಸುತ್ತಿನ ಡ್ರಿಲ್ ಬಿಟ್‌ನಿಂದ ತೆಗೆಸಿ, ಥ್ರೆಡ್ ಕೆಟ್ಟಿದ್ದರೆ ಹಬ್ಬನ್ನೇ ಬದಲಿಸಿ. ಮೂರು ಬೋಲ್ಟಿನ ಮೇಲೆ ನಿಧಾನಕ್ಕೆ ಮನೆ ಮುಟ್ಟಬಹುದು ಅನ್ನುವವರು ಪಿಟ್‌ನಲ್ಲಿ ಇದ್ದೇ ಇರುತ್ತಾರೆ. ಫ್ಲಾಟ್‌ಬೆಡ್ ಕರೆಸಿ.