ಗಾಥಿಕ್ ಓದೋಕೆ ಒಟ್ರಾಂಟೋನಾ, ಉಡಾಲ್ಫೋನಾ, ಫ್ರಾಂಕೆನ್‌ಸ್ಟೈನಾ?

ಗಾಥಿಕ್ ಅಂದ್ರೆ ಹಳೇ ಕೋಟೆ, ನಿಗೂಢ, ಭಯ ತುಂಬಿದ ಕಾದಂಬರಿ ಪ್ರಕಾರ. ದುಡ್ಡಿನ ಪ್ರಶ್ನೆನೇ ಇಲ್ಲ, ಈ ಮೂರೂ ಕಾದಂಬರಿ ನೆಟ್ಟಲ್ಲಿ ಪುಕ್ಕಟೆ ಸಿಗತ್ತೆ. ಟೈಮ್ ಕಮ್ಮಿ ಇದ್ದು ಈ ಪ್ರಕಾರದ ಬೇರು ಎಲ್ಲಿದೆ ನೋಡ್ಬೇಕು ಅಂದ್ರೆ ವಾಲ್‌ಪೋಲ್‌ನ ಒಟ್ರಾಂಟೋ (1764), ಒಂದು ಭಾನುವಾರ ಸಾಕು. ಮದ್ವೆ ದಿನ ದೈತ್ಯ ಶಿರಸ್ತ್ರಾಣದ ಅಡಿ ಸಿಕ್ಕಿ ಮದುಮಗ ಅಪ್ಪಚ್ಚಿ, ನಗು ಬಂದ್ರೆ ನಕ್ಬಿಡಿ. ಮೊದ್ಲು ಇಟಾಲಿಯನ್‌ನಿಂದ ಅನುವಾದ ಅಂತ ಬಿಟ್ಟು, 1765ರ ಎರಡನೇ ಮುದ್ರಣದಲ್ಲಿ ನಂದೇ ಅಂತ ಒಪ್ಕೊಂಡು ‘ಗಾಥಿಕ್ ಕಥೆ’ ಅಂತ ಹಣೆಪಟ್ಟಿ ಅಂಟಿಸಿದ್ದೂ ಅವನೇ.

ರಾಡ್‌ಕ್ಲಿಫ್ ಬರೆದ ಉಡಾಲ್ಫೋ (1794) ನಾಲ್ಕು ಸಂಪುಟ, ಬೆಟ್ಟಗುಡ್ಡದ ವರ್ಣನೆಗೆ ನಾನೇ ಎರಡು ಸಲ ನಿದ್ದೆ ಹೋದೆ. ಆದ್ರೆ ದೆವ್ವ ಅಂದ್ಕೊಂಡಿದ್ದಕ್ಕೆಲ್ಲ ಕೊನೆಗೆ ಕಾರಣ ಕೊಡ್ತಾಳೆ, ಕಪ್ಪು ಪರದೆ ಹಿಂದೆ ಇದ್ದದ್ದು ಮೇಣದ ಬೊಂಬೆ (ಸ್ಪಾಯ್ಲರ್, ಸಾರಿ). ಗಾಥಿಕ್ ಹೇಗೆ ಬೆಳೀತು ಅಂತ ಓದೋರು ಇದನ್ನ ಬಿಡೋ ಹಾಗಿಲ್ಲ.

ಬರೀ ರುಚಿ ಹತ್ಬೇಕಾ? ಫ್ರಾಂಕೆನ್‌ಸ್ಟೈನ್. ಪರೀಕ್ಷೆಗಾದ್ರೆ 1818ರದ್ದಾ, ತಿದ್ದಿದ 1831ರದ್ದಾ ಅಂತ ಮೇಷ್ಟ್ರನ್ನ ಮೊದ್ಲೇ ಕೇಳ್ಕೊಳ್ಳಿ.