ಸಿವಿಎಕ್ಸ್‌ಪೈ: ಲೆಕ್ಕದ ರೂಪ ಬದಲಿಸುವ ಕೆಲಸ ಇದಕ್ಕೇ ಬಿಡಿ

ಷರತ್ತುಗಳಿರುವ ಆಪ್ಟಿಮೈಸೇಶನ್ ಲೆಕ್ಕ (ಮಿತಿಗಳೊಳಗೆ ಅತ್ಯುತ್ತಮ ಉತ್ತರ ಹುಡುಕುವ ಲೆಕ್ಕ) ಮಾಡುವವರು ಸಿವಿಎಕ್ಸ್‌ಪೈ ಅನ್ನು ಒಮ್ಮೆ ಬಳಸಲೇಬೇಕು. ಪೈಥಾನ್ ಲೈಬ್ರರಿ ಇದು, ಶುರುವಾಗಿದ್ದು ಸ್ಟ್ಯಾನ್‌ಫರ್ಡ್‌ನಲ್ಲಿ, ದುಡ್ಡು ಕೊಡಬೇಕಿಲ್ಲ.

ಇದರ ಬೆಲೆ ಗೊತ್ತಾಗುವುದು ಮೊದಲು ಕೈಯಾರೆ ಮಾಡಿ ಒದ್ದಾಡಿದವರಿಗೆ. ಎಕ್ಸ್‌ಗಳ ಮಾಡ್ಯುಲಸ್ (ಪ್ಲಸ್-ಮೈನಸ್ ಚಿಹ್ನೆ ಬಿಟ್ಟ ಬೆಲೆ) ಮೊತ್ತವನ್ನು ಆದಷ್ಟು ಕಡಿಮೆ ಮಾಡಬೇಕು ಅಂದುಕೊಳ್ಳಿ, ಎಕ್ಸ್ ಅಂದರೆ ನಾವು ಹುಡುಕುತ್ತಿರುವ ಸಂಖ್ಯೆ. ಲೀನಿಯರ್ ಸಾಲ್ವರ್‌ಗೆ (ಸರಳರೇಖೆಯಂಥ ಲೆಕ್ಕಗಳನ್ನಷ್ಟೇ ಬಿಡಿಸುವ ಪ್ರೋಗ್ರಾಂಗೆ) ಮಾಡ್ಯುಲಸ್ ಅರ್ಥವಾಗುವುದಿಲ್ಲ, ಅಲ್ವಾ? ಹಾಗಾಗಿ ಪ್ರತಿ ಎಕ್ಸ್‌ಗೂ ಒಂದು ಹೊಸ ಟಿ ತಂದು, ಎಕ್ಸ್ ಆ ಟಿಗಿಂತ ಜಾಸ್ತಿ ಇರಬಾರದು, ಮೈನಸ್ ಟಿಗಿಂತ ಕಡಿಮೆಯೂ ಇರಬಾರದು ಎಂದು ಎರಡು ಷರತ್ತು ಬರೆದು, ಕೊನೆಗೆ ಟಿಗಳ ಮೊತ್ತವನ್ನು ಕಡಿಮೆ ಮಾಡಬೇಕು. ಉತ್ತರ ಅದೇ, ರೂಪ ಮಾತ್ರ ಬೇರೆ. 100 ಎಕ್ಸ್ ಇದ್ದರೆ 200 ಷರತ್ತು, ಒಂದು ಚಿಹ್ನೆ ತಪ್ಪಿದರೂ ಕೆಲಸ ಕೆಟ್ಟಿತು. ಸಿವಿಎಕ್ಸ್‌ಪೈನಲ್ಲಾದರೆ ಒಂದೇ ಸಾಲು ಬರೆದರೆ ಸಾಕು. ಉಳಿದದ್ದನ್ನು ಅದೇ ಮಾಡಿ ಓಎಸ್‌ಕ್ಯುಪಿ, ಕ್ಲಾರಾಬೆಲ್‌ನಂಥ ಸಾಲ್ವರ್‌ಗೆ ಬೇಕಾದ ರೂಪದಲ್ಲಿ ಕೊಡುತ್ತದೆ.

ಒಂದು ಕಿರಿಕಿರಿ ಇದೆ. ಲೆಕ್ಕ ಕಾನ್ವೆಕ್ಸ್ (ಬಟ್ಟಲಿನಂಥ ಆಕಾರದ್ದು) ಆಗಿದ್ದರೆ ಸಾಲದು, ಸಿವಿಎಕ್ಸ್‌ಪೈನ ನಿಯಮದಂತೆ, ಅಂದರೆ ಡಿಸಿಪಿ ನಿಯಮದಂತೆ, ಬರೆದಿರಬೇಕು. 1 ಮತ್ತು ಎಕ್ಸ್ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಬರುವುದು ಕಾನ್ವೆಕ್ಸೇ, ಆದರೆ ಹಾಗೇ ಬರೆದರೆ ಡಿಸಿಪಿ ಎರರ್ ಬರುತ್ತದೆ. ಅದನ್ನೇ 1 ಮತ್ತು ಎಕ್ಸ್ ಇರುವ ವೆಕ್ಟರ್‌ನ ನಾರ್ಮ್ (ಉದ್ದ) ಎಂದು ಬರೆಯಿರಿ, ಸುಮ್ನೆ ಒಪ್ಪಿಕೊಳ್ಳುತ್ತದೆ. ಮೊದಮೊದಲು ತಲೆ ತಿನ್ನುತ್ತದೆ, ನಿಜ. ಆದರೆ ಈ ಅಭ್ಯಾಸದಿಂದಲೇ ನನಗೆ ಲೆಕ್ಕವನ್ನು ಬೇರೆ ಕಡೆಯಿಂದ ನೋಡುವುದು ಬಂತು.

ಒಂದೇ ಲೆಕ್ಕವನ್ನು ಬೇರೆ ಬೇರೆ ಅಂಕಿ ಹಾಕಿ ಮತ್ತೆ ಮತ್ತೆ ಬಿಡಿಸುವುದಿದ್ದರೆ ಪ್ಯಾರಾಮೀಟರ್ (ಅಂಕಿಯನ್ನು ಆಮೇಲೆ ತುಂಬಬಹುದಾದ ಜಾಗ) ಬಳಸಿ. ಇಲ್ಲದಿದ್ದರೆ ಪ್ರತಿ ಸಲ ರೂಪ ಬದಲಿಸುವುದರಲ್ಲೇ ಸಮಯ ಹೋಗುತ್ತದೆ.