ಬನ್ನೇರುಘಟ್ಟ ರಸ್ತೆಯ ಐಐಎಂ: ಓಡಾಡುವ ಜಾಗಕ್ಕೇ ನನ್ನ ಮಾರ್ಕು

ಇಪ್ಪತ್ತು ವರ್ಷದಿಂದ ಸೈಟ್ ಎಂಜಿನಿಯರ್ ಆಗಿದ್ದೇನೆ. ಮೂರು ಕಾಲೇಜು ಕಟ್ಟಡ ನನ್ನ ಕಣ್ಣೆದುರೇ ಎದ್ದಿವೆ. ಮೂರೂ ಕಡೆ ಮಾಲೀಕರದ್ದು ಒಂದೇ ಮಾತು: ‘ಕಾರಿಡಾರ್ ರೂಲಿಗೆ ಎಷ್ಟು ಬೇಕೋ ಅಷ್ಟೇ ಬಿಡಿ, ಉಳಿದದ್ದು ಕ್ಲಾಸ್ ರೂಮಿಗೆ ಸೇರಿಸಿ.’ ಓಡಾಡುವ ಜಾಗಕ್ಕೆ ಫೀಸು ಬರುವುದಿಲ್ಲ, ಅಲ್ವಾ?

ಹೋದ ತಿಂಗಳು ಅಕ್ಕನ ಮಗಳನ್ನು ಒಂದು ಕೋರ್ಸಿಗೆ ಬಿಡಲು ಬೆಂಗಳೂರಿನ ಐಐಎಂಗೆ ಹೋಗಿದ್ದೆ. ಅವಳು ಕ್ಲಾಸಿಗೆ ಹೋದಳು, ನಾನು ಸುಮ್ನೆ ಅಡ್ಡಾಡಿದೆ. ಎರಡು ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ.

ಇದು ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಕೆಲಸ. ವಾಸ್ತುಶಿಲ್ಪಕ್ಕೆ ಕೊಡುವ ದೊಡ್ಡ ಅಂತರರಾಷ್ಟ್ರೀಯ ಗೌರವವಾದ ಪ್ರಿಟ್ಜ್ಕರ್ ಪ್ರಶಸ್ತಿಯನ್ನು 2018ರಲ್ಲಿ ಪಡೆದ ಮೊದಲ ಭಾರತೀಯ. 1977ರಲ್ಲಿ ಶುರುವಾಗಿ ಹಂತ ಹಂತವಾಗಿ 1992ರ ತನಕ ನಡೆದ ಕೆಲಸ. ಅದಕ್ಕೂ ಮುಂಚೆ ಅಹಮದಾಬಾದಿನ ಐಐಎಂನಲ್ಲಿ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಜೊತೆ ದುಡಿದಿದ್ದರು. ಅಲ್ಲಿ ಇಟ್ಟಿಗೆ, ಇಲ್ಲಿ ನಮ್ಮದೇ ಬೂದು ಗ್ರಾನೈಟು. ನಾವು ಪಾಯಕ್ಕೋ ಕಾಂಪೌಂಡಿಗೋ ಹಾಕುವ ಸೈಜುಗಲ್ಲಿನಂಥ ಒರಟು ಕಲ್ಲು. ಮೇಲೆ ಗಾರೆಯಿಲ್ಲ, ಬಣ್ಣವಿಲ್ಲ. ಗಾರೆ ಇಲ್ಲ ಅಂದರೆ ಮೇಸ್ತ್ರಿಗೆ ತಪ್ಪು ಮುಚ್ಚಲು ದಾರಿಯೇ ಇಲ್ಲ. ಕಲ್ಲಿನ ಸಂದುಗಳನ್ನೇ ಬಗ್ಗಿ ನೋಡುತ್ತಾ ನಿಂತಿದ್ದೆ. ‘ಏನಾದ್ರೂ ಬಿದ್ದೋಯ್ತಾ ಸಾರ್?’ ಅಂತ ಸೆಕ್ಯೂರಿಟಿಯವರು ಕೇಳಿದರು.

ಆದರೆ ಮಜಾ ಇರುವುದು ಕಾರಿಡಾರಿನಲ್ಲಿ. ಕೆಲವು ಕಡೆ ಮೂರು ಅಂತಸ್ತಿನಷ್ಟು ಎತ್ತರ. ಒಂದಷ್ಟು ದೂರ ತಲೆ ಮೇಲೆ ಪೂರ್ತಿ ಸೂರು. ಮುಂದೆ ಬರೀ ಕಾಂಕ್ರೀಟ್ ತೊಲೆಗಳ ಸಾಲು, ಸಂದಿನಲ್ಲಿ ಆಕಾಶ. ಹನ್ನೊಂದು ಗಂಟೆಯ ಬಿಸಿಲು ಏಣಿ ಮಲಗಿಸಿದ ಹಾಗೆ ನೆಲದ ಮೇಲೆ ಬಿದ್ದಿತ್ತು. ತಿರುವು ತಿರುವಿಗೂ ಒಂದು ಅಂಗಳ. ಫತೇಪುರ್ ಸಿಕ್ರಿಯ ಅಂಗಳಗಳು ದೋಶಿಯವರಿಗೆ ಮಾದರಿಯಾಗಿದ್ದವಂತೆ. ನನಗೆ ಮಾತ್ರ ಅಜ್ಜಿ ಮನೆಯ ಜಗಲಿ ನೆನಪಾಯಿತು. ಇಬ್ಬರು ಹುಡುಗರು ಕಟ್ಟೆ ಮೇಲೆ ಕೂತು ಯಾವುದೋ ಲೆಕ್ಕಕ್ಕೆ ಜಗಳವಾಡುತ್ತಿದ್ದರು. ಕ್ಲಾಸು ಮುಗಿದರೂ ಪಾಠ ಮುಗಿದಿರಲಿಲ್ಲ. ರೂಲಿನಷ್ಟೇ ಅಗಲದ ಕಾರಿಡಾರಿನಲ್ಲಿ ಹೀಗೆ ಕೂತರೆ ಹಿಂದಿನವರು ಎದ್ದೇಳಿಸುತ್ತಾರೆ.

ಬೆಂಗಳೂರಿನ ಹವೆಯನ್ನು ನಂಬಿ ಕಟ್ಟಿದ ಜಾಗ ಇದು. ಇದೇ ನಕ್ಷೆ ರಾಯಚೂರಿಗೆ ಒಯ್ದರೆ ಮೇ ತಿಂಗಳಲ್ಲಿ ಯಾರೂ ಹೊರಗೆ ಕೂರುವುದಿಲ್ಲ. ಇಲ್ಲೂ ಮಳೆ ಬಂದರೆ ತೊಲೆ ಸಾಲಿನ ಕೆಳಗೆ ನೆನೆಯಲೇಬೇಕು. ಗೋಡೆಗಳೆಲ್ಲ ಒಂದೇ ಬಣ್ಣವಾದ್ದರಿಂದ ಹೊಸಬರಿಗೆ ದಿಕ್ಕು ಹಿಡಿಯಲು ಸ್ವಲ್ಪ ಹೊತ್ತು ಬೇಕು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ನೋಡಬೇಕು ಅನ್ನುವವರು ಅಲ್ಲಿ ಏನಾದರೂ ಕಾರ್ಯಕ್ರಮ ಇದ್ದಾಗ ಹೋಗಿ. ಬೆಳಗಿನ ಬಿಸಿಲಿರಲಿ. ಯಾರಾದರೂ ಕಾಲೇಜು ಕಟ್ಟಿಸುತ್ತಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.